ಚನ್ನಮ್ಮ, ರಾಯಣ್ಣನ ಬಗ್ಗೆ ಚಾಟ್‌ಬಾಟ್ ಕೇಳುತ್ತೀರಾ? ವಿದ್ಯಾರ್ಥಿಗಳು, ಶಿಕ್ಷಕರು ತಿಳಿದಿರಬೇಕಾದ ಸಂಗತಿಗಳು

ಬೈಲಹೊಂಗಲ: ಅಕ್ಟೋಬರ್ ಬಂತೆಂದರೆ ಕಿತ್ತೂರು ಉತ್ಸವ. ಶಾಲೆಗಳಲ್ಲಿ ಭಾಷಣ, ಪ್ರಬಂಧ, ರಸಪ್ರಶ್ನೆಯ ತಯಾರಿ ಜೋರು. ಮೊದಲು ಗುರುಗಳನ್ನೋ ಊರಿನ ಹಿರಿಯರನ್ನೋ ಕೇಳಿ ಬರೆದುಕೊಳ್ಳುತ್ತಿದ್ದ ಮಕ್ಕಳು ಈಗ ಮೊಬೈಲ್ ತೆಗೆಯುತ್ತಾರೆ. ಚಾಟ್‌ಜಿಪಿಟಿ, ಜೆಮಿನಿ, ವಾಟ್ಸ್‌ಆ್ಯಪ್‌ನಲ್ಲೇ ಸಿಗುವ ಮೆಟಾ ಎಐ, ಯಾವುದನ್ನು ಕೇಳಿದರೂ ಕನ್ನಡದಲ್ಲೇ ಉತ್ತರ ಬರುತ್ತದೆ. ಕೇಳೋದು ತಪ್ಪಲ್ಲ. ಬಂದ ಉತ್ತರವನ್ನು ಹಾಗೇ ಇಳಿಸಿಕೊಂಡು ವೇದಿಕೆ ಹತ್ತಿದರೆ ಮಾತ್ರ ತೊಂದರೆ.

ಉತ್ತರ ಎಲ್ಲಿಂದ ಬರುತ್ತದೆ?

ಚಾಟ್‌ಬಾಟ್ ಪುಸ್ತಕ ತೆಗೆದು ಓದಿ ಹೇಳುವ ಗುರು ಅಲ್ಲ. ಅಪಾರ ಬರಹಗಳಿಂದ ಕಲಿತು, ಒಂದು ಪದದ ನಂತರ ಯಾವ ಪದ ಬರಬಹುದೆಂದು ಅಂದಾಜಿಸಿ ವಾಕ್ಯ ಕಟ್ಟುತ್ತದೆ. ಗಾಂಧೀಜಿ, ನೆಪೋಲಿಯನ್ ಬಗ್ಗೆ ಅಂತರ್ಜಾಲದಲ್ಲಿ ರಾಶಿಗಟ್ಟಲೆ ಬರಹ ಇದೆ. ಅಮಟೂರು ಬಾಳಪ್ಪ, ಬೆಳವಡಿ ಮಲ್ಲಮ್ಮ, ಸಿರಸಂಗಿ ಲಿಂಗರಾಜರ ಬಗ್ಗೆ ಇರುವುದು ಕಡಿಮೆ. ಮಾಹಿತಿ ಕಡಿಮೆ ಇದ್ದಲ್ಲಿ ಯಂತ್ರ ಸುಮ್ಮನಿರದೆ ಹತ್ತಿರದ ಕಥೆಯನ್ನು ತಂದು ಜೋಡಿಸಬಹುದು. ಅದನ್ನೂ ಅಷ್ಟೇ ಖಚಿತ ಧಾಟಿಯಲ್ಲಿ ಹೇಳುತ್ತದೆ. ಹೀಗಾಗಿ ತಪ್ಪು ಕಣ್ಣಿಗೆ ಬೀಳೋದು ಕಷ್ಟ.

ಗಮನಿಸಬೇಕಾದ ಗೊಂದಲಗಳು

* ಡಾಲ್‌ಹೌಸಿ: ಕಿತ್ತೂರಿನ ಮೇಲೆ ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ಹೇರಲಾಯಿತು ಎಂದು ಬರೆಯುವವರಿದ್ದಾರೆ. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರು ಯುದ್ಧ ನಡೆದದ್ದು 1824ರಲ್ಲಿ, ಆಗ ಇದ್ದವರು ಆಮ್‌ಹರ್ಸ್ಟ್. ದತ್ತು ಒಪ್ಪದ ಜಗಳ ನಿಜ, ಡಾಲ್‌ಹೌಸಿ ಹೆಸರು ತಪ್ಪು.

* ಇಬ್ಬರು ಚನ್ನಮ್ಮರು: ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವರು 17ನೇ ಶತಮಾನದ ಕೆಳದಿ ಚನ್ನಮ್ಮ. ಥ್ಯಾಕರೆ ಹತನಾದ 1824ರ ಅಕ್ಟೋಬರ್ 23ರ ಯುದ್ಧ ಕಿತ್ತೂರು ಚನ್ನಮ್ಮನವರದ್ದು.

* ಮಗ ಯಾರು?: 1824ರಲ್ಲಿ ತೀರಿಕೊಂಡ ಶಿವಲಿಂಗರುದ್ರಸರ್ಜ, ಮಲ್ಲಸರ್ಜ ದೇಸಾಯಿ ಅವರ ಹಿರಿಯ ಪತ್ನಿ ರುದ್ರಮ್ಮನವರ ಮಗ. ಚನ್ನಮ್ಮನವರ ಹೊಟ್ಟೆಯಲ್ಲಿ ಹುಟ್ಟಿದವರಲ್ಲ.

* ರಾಮದುರ್ಗ, ನರಗುಂದ: ಎರಡೂ ಭಾವೆ ಮನೆತನದ ಸಂಸ್ಥಾನಗಳು. 1858ರಲ್ಲಿ ಬಂಡಾಯ ಎದ್ದದ್ದು ನರಗುಂದದ ಬಾಬಾಸಾಹೇಬ. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದದ್ದು ಮಾತ್ರ ಈಗಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ.

'ನೀನೇ ರಾಯಣ್ಣ ಆಗಿ ಮಾತಾಡು'

ಚಾಟ್‌ಬಾಟ್‌ಗೆ ಪಾತ್ರ ಕೊಟ್ಟು ಸಂದರ್ಶನ ಮಾಡಿಸುವ ಪಾಠ ಮಕ್ಕಳಿಗೆ ಹಿಡಿಸುತ್ತದೆ. ಆದರೆ ಅಲ್ಲಿ ಬರುವ ಮಾತು ರಾಯಣ್ಣ ಆಡಿದ ಮಾತಲ್ಲ, ಯಂತ್ರ ಹೆಣೆದದ್ದು. 2023ರಲ್ಲಿ ಅಮೆರಿಕದಲ್ಲಿ ಸುದ್ದಿಯಾದ 'ಹಿಸ್ಟಾರಿಕಲ್ ಫಿಗರ್ಸ್' ಎಂಬ ಆ್ಯಪ್‌ನಲ್ಲಿ ನಾಜಿ ನಾಯಕರೇ ಪಶ್ಚಾತ್ತಾಪದ ಮಾತಾಡಿದಂತೆ ಉತ್ತರ ಬಂದು ಟೀಕೆ ಎದ್ದಿತ್ತು. ಸಿನಿಮಾ ಸಂಭಾಷಣೆಯನ್ನೇ ಚನ್ನಮ್ಮನವರ ಮಾತೆಂದು ನಂಬಿದವರು ಮೊದಲೇ ಇದ್ದಾರೆ. ಯಂತ್ರ ಕಟ್ಟಿದ ಮಾತೂ ಅದಕ್ಕೆ ಸೇರಿದರೆ ಮುಂದಿನ ಪೀಳಿಗೆಗೆ ನಿಜ ಯಾವುದು ಗೊತ್ತಾಗೋದಿಲ್ಲ. ಆದ್ದರಿಂದ ಇಂಥ ಸಂದರ್ಶನ ಮುಗಿದ ಮೇಲೆ, ಯಾವ ಮಾತಿಗೆ ದಾಖಲೆ ಇದೆ, ಯಾವುದಕ್ಕೆ ಇಲ್ಲ ಎಂದು ಮಕ್ಕಳಿಂದಲೇ ಗುರುತು ಹಾಕಿಸಬೇಕು.

ಹೀಗೆ ಬಳಸಿದರೆ ಉಪಯೋಗ

1. 'ಚನ್ನಮ್ಮನ ಬಗ್ಗೆ ಪ್ರಬಂಧ ಬರೆ' ಅನ್ನಬೇಡಿ. ಪಠ್ಯಪುಸ್ತಕದ ಭಾಗವನ್ನು ಹಾಕಿ, 'ಇದರ ಮೇಲೆ 10 ಪ್ರಶ್ನೆ ಕೇಳು' ಅನ್ನಿ.
2. 'ಈ ವಿಷಯದಲ್ಲಿ ಭಿನ್ನ ಅಭಿಪ್ರಾಯ ಇವೆಯಾ?' ಎಂದು ಕೇಳಿ. ಉದಾಹರಣೆಗೆ, ರಾಯಣ್ಣ ಹುಟ್ಟಿದ ವರ್ಷ 1796 ಎಂದೂ 1798 ಎಂದೂ ಬರೆದವರಿದ್ದಾರೆ.
3. ಇಸವಿ, ಊರು, ಹೆಸರು ಈ ಮೂರನ್ನೂ ಪುಸ್ತಕದಲ್ಲಿ ತಾಳೆ ನೋಡಿ. ಪುಸ್ತಕದ ಹೆಸರನ್ನು ಚಾಟ್‌ಬಾಟ್ ಹೇಳಿದ್ದರೆ, ಆ ಪುಸ್ತಕ ನಿಜಕ್ಕೂ ಇದೆಯಾ ಅಂತ ಗ್ರಂಥಾಲಯದಲ್ಲಿ ವಿಚಾರಿಸಿ.
4. ಚಾಟ್‌ಜಿಪಿಟಿ ನಿಯಮದಂತೆ 13 ವರ್ಷದೊಳಗಿನವರು ಅದನ್ನು ಬಳಸುವಂತಿಲ್ಲ. 18ರೊಳಗಿನವರಿಗೆ ಪಾಲಕರ ಒಪ್ಪಿಗೆ ಬೇಕು. ಚಿಕ್ಕ ತರಗತಿಗಳಲ್ಲಿ ಗುರುಗಳೇ ಕೇಳಿ ತೋರಿಸುವುದು ಒಳ್ಳೆಯದು.

ತಾಳೆ ನೋಡಲು ದೂರ ಹೋಗಬೇಕಿಲ್ಲ

ಕಿತ್ತೂರಿನಲ್ಲಿ ಕೋಟೆ, ವಸ್ತುಸಂಗ್ರಹಾಲಯ ಇವೆ. ಸೆರೆಯಲ್ಲಿದ್ದ ಚನ್ನಮ್ಮ 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ, ಸಮಾಧಿಯೂ ಇಲ್ಲೇ ಇದೆ. ರಾಯಣ್ಣನ ಊರು ಸಂಗೊಳ್ಳಿ ಇದೇ ತಾಲ್ಲೂಕಿನದು. 1831ರ ಜನವರಿ 26ರಂದು ಅವರನ್ನು ಗಲ್ಲಿಗೇರಿಸಿದ ನಂದಗಡ ಪಕ್ಕದ ಖಾನಾಪುರ ತಾಲ್ಲೂಕಿನಲ್ಲಿದೆ. ಸವದತ್ತಿ ತಾಲ್ಲೂಕಿನ ಸಿರಸಂಗಿಗೆ ಹೋದರೆ, ಆಸ್ತಿಯನ್ನೆಲ್ಲ ಶಿಕ್ಷಣಕ್ಕೆ ಬಿಟ್ಟುಹೋದ ಲಿಂಗರಾಜ ದೇಸಾಯಿ (1861–1906) ಅವರ ಊರನ್ನೇ ಕಾಣಬಹುದು.

ಶಾಲೆಗಳು ಸುಲಭವಾಗಿ ಮಾಡಬಹುದಾದ ಕೆಲಸವೊಂದಿದೆ. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಟ್ಟು, ಕೆಂಪು ಪೆನ್ನಿನಿಂದ ತಪ್ಪು ಹುಡುಕಲು ಹೇಳುವುದು. ತಪ್ಪು ಹಿಡಿಯಬೇಕೆಂದರೆ ಸರಿ ಯಾವುದೆಂದು ಓದಲೇಬೇಕು. ಆ ಓದಿನಲ್ಲೇ ಇತಿಹಾಸದ ಪಾಠ ಆಗಿಬಿಡುತ್ತದೆ.