ಹಿಯೇ ಪರ್ವತವೂ ಕೇಬಲ್ ಗಾಡಿಯೂ

ಜಪಾನಿನ ಪ್ರಾಚೀನ ರಾಜಧಾನಿಯಾದ ಕ್ಯೋಟೋ ನಗರಕ್ಕೆ ಈಶಾನ್ಯದಲ್ಲಿ, ೮೪೮ ಮೀಟರು ಎತ್ತರವುಳ್ಳ ಹಿಯೇ ಪರ್ವತವಿರುವುದು. ಕ್ರಿ. ಶ. ೭೮೮ರಲ್ಲಿ ಸೈಚೋ ಎಂಬ ಭಿಕ್ಷುವು ಇಲ್ಲಿ ಕಟ್ಟಿದ ಸಣ್ಣ ಗುಡಿಯೇ ಮುಂದೆ ಎನ್‌ರ್ಯಾಕುಜಿ ಎಂಬ ಮಹಾವಿಹಾರವಾಗಿ ಬೆಳೆದು, ತೆಂಡಾಯ್ ಬೌದ್ಧಪಂಥಕ್ಕೆ ಮೂಲಸ್ಥಾನವಾಯಿತು. ೧೫೭೧ರಲ್ಲಿ ಓಡಾ ನೊಬುನಾಗನು ಇದನ್ನು ಸುಟ್ಟು ಹಾಳುಮಾಡಿದನು. ಆದರೂ ವಿಹಾರವು ಮರಳಿ ತಲೆಯೆತ್ತಿತು. ಇಂತಹ ತಪೋಗಿರಿಗೆ ಇಂದು ಕೆಲವೇ ನಿಮಿಷಗಳಲ್ಲಿ ಏರಬಹುದಾಗಿದೆ. ಈ ಸೌಕರ್ಯದಿಂದ ಕ್ಷೇತ್ರದ ಮಹಿಮೆಗೆ ಕುಂದು ಬಂದಿತೇ ಎಂಬುದು ವಿಚಾರಾರ್ಹವಾದುದು.

ಜಪಾನಿನಲ್ಲಿ ಅಂತರಿಕ್ಷದಲ್ಲಿ ತೂಗುತ್ತ ಸಾಗುವ ತೊಟ್ಟಿಲಿಗೆ ರೋಪ್‌ವೇ ಎಂದು ಹೆಸರು. ಕೇಬಲ್ ಗಾಡಿಯು ಕಂಬಿಗಳ ಮೇಲೆಯೇ ಚಲಿಸತಕ್ಕದ್ದು. ಉಕ್ಕಿನ ಹಗ್ಗವೊಂದನ್ನು ಮೇಲಿನ ನಿಲ್ದಾಣದ ಚಕ್ರದ ಮೇಲೆ ಹಾಯಿಸಿ, ಅದರ ಎರಡು ತುದಿಗಳಿಗೂ ಒಂದೊಂದು ಗಾಡಿಯನ್ನು ಕಟ್ಟಿರುತ್ತಾರೆ. ಬಾವಿಯ ರಾಟೆಗೆ ಎರಡು ಕೊಡಗಳನ್ನು ಕಟ್ಟಿದಂತೆ, ಇಳಿಯುವುದರ ಭಾರವು ಏರುವುದಕ್ಕೆ ಸಹಾಯವಾಗುತ್ತದೆ. ಆ ದೇಶದಲ್ಲಿ ಇಂತಹ ಮೊದಲನೆಯ ಮಾರ್ಗವು ೧೯೧೮ರಲ್ಲಿ ಇಕೋಮಾ ಬೆಟ್ಟದಲ್ಲಿ, ಹೋಜಾನ್‌ಜಿ ದೇವಾಲಯದ ದಾರಿಯಲ್ಲಿಯೇ, ಆರಂಭವಾಯಿತೆಂಬುದು ಗಮನಾರ್ಹ. ಹಿಯೇ ಪರ್ವತದ ಪಶ್ಚಿಮ ಪಾರ್ಶ್ವದಲ್ಲಿ ೧೯೨೫ರಲ್ಲಿಯೂ, ಪೂರ್ವದ ಸಾಕಾಮೋಟೋ ಊರಿನಿಂದ ೧೯೨೭ರಲ್ಲಿಯೂ ಗಾಡಿಗಳು ಸಂಚರಿಸತೊಡಗಿದವು. ಮೊದಲನೆಯದು ೫೬೧ ಮೀಟರು ಮೇಲೇರುತ್ತದೆ. ಎರಡನೆಯದು ೨,೦೨೫ ಮೀಟರು ಉದ್ದವಾಗಿದ್ದು, ದೇಶದಲ್ಲೆಲ್ಲ ಅತಿ ದೀರ್ಘವಾದುದು. ಹನ್ನೊಂದು ನಿಮಿಷದ ಈ ಪಯಣದ ಕೊನೆಗೆ ಬೀವಾ ಸರೋವರವು ಕೆಳಗೆ ವಿಸ್ತಾರವಾಗಿ ಹರಡಿರುವುದು ಕಾಣುತ್ತದೆ.

ಪೂರ್ವದಲ್ಲಿ ಈ ಪರ್ವತಕ್ಕೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ೧೮೭೨ರ ಸರಕಾರಿ ಆಜ್ಞೆಯು ಈ ನಿಷೇಧವನ್ನು ತೆಗೆದುಹಾಕಿತು. ಆದರೆ ಆಜ್ಞೆಯು ದಾರಿಯನ್ನು ತೆರೆಯಬಲ್ಲುದೇ ಹೊರತು ಏರನ್ನು ತಗ್ಗಿಸಲಾರದು. ವೃದ್ಧರಿಗೂ ಅಶಕ್ತರಿಗೂ ದೇವದರ್ಶನವನ್ನು ಸುಲಭಗೊಳಿಸಿದ್ದು ಈ ಉಕ್ಕಿನ ಹಗ್ಗವೇ.

ಯುದ್ಧಕಾಲದಲ್ಲಿ ಇಂತಹ ಮಾರ್ಗಗಳು ಅನವಶ್ಯಕವೆಂದು ಗಣಿಸಲ್ಪಟ್ಟವು. ಹಿಯೇಯ ಪಶ್ಚಿಮ ಮಾರ್ಗವು ೧೯೪೪ರಲ್ಲಿ ನಿಂತು, ೧೯೪೬ರಲ್ಲಿ ಪುನಃ ನಡೆಯತೊಡಗಿತು. ಕ್ಯೋಟೋವಿನ ವಾಯವ್ಯದಲ್ಲಿರುವ ಅಟಾಗೋ ಗಿರಿಗೆ ಈ ಭಾಗ್ಯವುಂಟಾಗಲಿಲ್ಲ. ಅಲ್ಲಿ ೧೯೨೯ರಲ್ಲಿ ತೆರೆದ ಮಾರ್ಗವು ೧೯೪೪ರಲ್ಲಿ ಮುಚ್ಚಿ, ಮತ್ತೆ ತಲೆದೋರಲೇ ಇಲ್ಲ. ಆದರೂ ಪ್ರತಿವರ್ಷ ಜುಲೈ ೩೧ರ ರಾತ್ರಿ ಅಗ್ನಿಭಯವನ್ನು ನೀಗುವ ಅಲ್ಲಿಯ ದೈವದ ದರ್ಶನಕ್ಕೆ ಭಕ್ತರು ಕಾಲ್ನಡೆಯಿಂದಲೇ ಏರುತ್ತಾರೆ. ಗಾಡಿ ಹೋದರೂ ಭಕ್ತಿ ಹೋಗಲಿಲ್ಲ.

ಹಿಯೇಯಲ್ಲಿ ಗಾಡಿ ಬಂದರೂ ತಪಸ್ಸು ತೊಲಗಲಿಲ್ಲ. ಏಳು ವರ್ಷಗಳ ಅವಧಿಯಲ್ಲಿ ಸಾವಿರ ದಿನ ಪರ್ವತಪ್ರದಕ್ಷಿಣೆ ಮಾಡುವ ಕಾಯ್‌ಹೋಗ್ಯೋ ಎಂಬ ಕಠಿಣ ವ್ರತವನ್ನು ಕೈಕೊಂಡ ಭಿಕ್ಷುಗಳು ಗಾಡಿಯ ಕಾಲದಲ್ಲಿಯೂ ಆಗಿಹೋಗಿದ್ದಾರೆ. ಆದುದರಿಂದ ಯಂತ್ರವು ಯಾತ್ರಿಕನ ಶ್ರಮವನ್ನು ಕಳೆಯಿತೇ ಹೊರತು ವ್ರತಿಯ ದಾರಿಯನ್ನು ಅಳಿಸಲಿಲ್ಲವೆಂದು ಹೇಳಬಹುದು.