ಕಡಲ ಅನಿಲ ಸಂಸ್ಕರಣ ವೇದಿಕೆ

ಸಮುದ್ರತಳದ ಬಾವಿಗಳಿಂದ ಬರುವ ನೈಸರ್ಗಿಕ ಅನಿಲ, ಹಗುರ ಎಣ್ಣೆಯಾದ ಕಂಡೆನ್ಸೇಟ್ ಮತ್ತು ನೀರನ್ನು ಬೇರ್ಪಡಿಸಿ, ಅನಿಲವನ್ನು ಒಣಗಿಸಿ ದಡಕ್ಕೆ ಕಳಿಸುವ ಸ್ಥಾವರ. ಭೂಗರ್ಭದಲ್ಲಿ ಆವಿಯಾಗಿರುವ ಕಂಡೆನ್ಸೇಟ್, ಮೇಲೆ ಬಂದು ಒತ್ತಡ ಇಳಿದು ತಣಿದಂತೆ ದ್ರವವಾಗುತ್ತದೆ.

ಕಾರ್ಯವಿಧಾನ: ಬಾವಿಯ ಮಿಶ್ರಣ ಮೊದಲು ಸೆಪರೇಟರ್ ಎಂಬ ದಪ್ಪ ಉಕ್ಕಿನ ತೊಟ್ಟಿಯನ್ನು ಸೇರುತ್ತದೆ. ಅಲ್ಲಿ ನೀರು ತಳಕ್ಕಿಳಿದು, ಕಂಡೆನ್ಸೇಟ್ ಅದರ ಮೇಲೆ ತೇಲಿ, ಅನಿಲ ಮೇಲಿನಿಂದ ಹೊರಬೀಳುತ್ತದೆ. ಆ ಅನಿಲದಲ್ಲಿ ಇನ್ನೂ ನೀರಾವಿ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ, ಕಡಲಡಿಯ ಕೊಳವೆಯ ಒತ್ತಡ ಮತ್ತು ತಂಪಿಗೆ ನೀರು ಮೀಥೇನಿನೊಡನೆ ಕೂಡಿ, ಸೊನ್ನೆ ಡಿಗ್ರಿಗಿಂತ ಮೇಲೆಯೂ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟಿ ದಾರಿ ಮುಚ್ಚುತ್ತದೆ. ಆದ್ದರಿಂದ ಎತ್ತರದ ಗೋಪುರವೊಂದರಲ್ಲಿ ಅನಿಲವನ್ನು ಕೆಳಗಿನಿಂದಲೂ ಟ್ರೈಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಮೇಲಿನಿಂದಲೂ ಹರಿಸುತ್ತಾರೆ. ನೀರು ಹೀರಿದ ಗ್ಲೈಕಾಲನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮತ್ತೆ ಬಳಸುತ್ತಾರೆ. ಬಾವಿಯ ಒತ್ತಡ ಸಾಲದಾದಾಗ ಕಂಪ್ರೆಸರ್‌ಗಳು ಅನಿಲವನ್ನು ತಳ್ಳುತ್ತವೆ.

ಇತಿಹಾಸ: ದಡ ಕಾಣದಷ್ಟು ದೂರದ ಕಡಲಲ್ಲಿ ಮೊದಲ ಫಲಪ್ರದ ಬಾವಿಯನ್ನು 1947ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಕೊರೆಯಲಾಯಿತು. ಉತ್ತರ ಸಮುದ್ರದ ವೆಸ್ಟ್ ಸೋಲ್ ಕ್ಷೇತ್ರದ ಅನಿಲ 1967ರಲ್ಲಿ ಬ್ರಿಟನ್ನಿನ ದಡ ಮುಟ್ಟಿತು. ಅರಬ್ಬಿ ಸಮುದ್ರದಲ್ಲಿ 'ಸಾಗರ್ ಸಮ್ರಾಟ್' ಎಂಬ ಕೊರೆಯುವ ವೇದಿಕೆ 1974ರಲ್ಲಿ ಬಾಂಬೆ ಹೈ (ಇಂದಿನ ಮುಂಬೈ ಹೈ) ಕ್ಷೇತ್ರದ ತೈಲವನ್ನು ಕಂಡಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷ ಪತ್ತೆಯಾದ ವಸೈ (ಬಸೇನ್) ಕ್ಷೇತ್ರದ ಅನಿಲದಲ್ಲಿ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಇದೆ. ವೇದಿಕೆಯಲ್ಲಿ ಒಣಗಿದ ಈ ಅನಿಲ ಗುಜರಾತಿನ ಹಜೀರಾಕ್ಕೆ ಹೋಗುತ್ತದೆ. ಅಲ್ಲಿ ಆ ಸಲ್ಫೈಡಿನ ಗಂಧಕವನ್ನು ತೆಗೆದು ಅಡುಗೆ ಅನಿಲ, ನಾಫ್ತಾ ಮುಂತಾದವನ್ನು ಪಡೆಯುತ್ತಾರೆ.

ಕರ್ನಾಟಕ: ರಾಜ್ಯದ ಕರಾವಳಿಯಾಚೆ ಇಂಥ ವೇದಿಕೆಗಳಿಲ್ಲ. ಬಾಂಬೆ ಹೈ ಕಚ್ಚಾತೈಲವನ್ನೂ ಸಂಸ್ಕರಿಸುವ ಮಂಗಳೂರಿನ ಎಂಆರ್‌ಪಿಎಲ್ 2003ರಲ್ಲಿ, ಆ ಕ್ಷೇತ್ರವನ್ನು ನಡೆಸುವ ಸರಕಾರಿ ಸಂಸ್ಥೆ ಓಎನ್‌ಜಿಸಿಯ ಅಂಗಸಂಸ್ಥೆಯಾಯಿತು. ಕೊಂಕಣದ ದಾಭೋಳದಿಂದ ಬೆಳಗಾವಿ, ಧಾರವಾಡಗಳ ಮೂಲಕ ಬೆಂಗಳೂರಿಗೆ ಅನಿಲ ಕೊಳವೆ 2013ರಲ್ಲಿ ಬಂತು.

ಸುರಕ್ಷತೆ: 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ, ರಿಪೇರಿಗಾಗಿ ಸುರಕ್ಷತಾ ಕವಾಟ ಬಿಚ್ಚಿಟ್ಟಿದ್ದ ಕಂಡೆನ್ಸೇಟ್ ಪಂಪನ್ನು, ಅದು ತಿಳಿಯದ ರಾತ್ರಿ ಪಾಳಿಯವರು ಚಾಲೂ ಮಾಡಿದರು. ಸೋರಿಕೆ, ಸ್ಫೋಟ, ಬೆಂಕಿಗೆ 167 ಜನ ಬಲಿಯಾದರು. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್‌ನಲ್ಲಿ ಸಹಾಯಕ ಹಡಗೊಂದು ಅನಿಲ ಹೊತ್ತ ಕೊಳವೆಗೆ ಬಡಿದು ವೇದಿಕೆಯೇ ಸುಟ್ಟುಹೋಯಿತು; 22 ಜನ ಪ್ರಾಣ ತೆತ್ತರು. ಒಂದು ಪಾಳಿ ಮತ್ತೊಂದಕ್ಕೆ ಕೆಲಸ ಒಪ್ಪಿಸುವಾಗಿನ ಲಿಖಿತ ಪರವಾನಗಿ, ಕೊಳವೆಗಳ ತುರ್ತು ಕವಾಟ, ವಸತಿ ಮತ್ತು ಸಂಸ್ಕರಣೆಯ ನಡುವಿನ ಅಂತರ: ಇವು ಈ ಉದ್ಯಮದಲ್ಲಿ ಯಂತ್ರಗಳಷ್ಟೇ ಮುಖ್ಯವಾದ ಅಂಗಗಳು.