ಸುಣ್ಣದ ತಿಳಿನೀರು ಮತ್ತು ಕರಗಲೊಲ್ಲದ ಹೈಡ್ರಾಕ್ಸೈಡುಗಳು: ಒಂದು ವಿವರಣೆಯ ಚರಿತ್ರೆ

ಬೆಂಗಳೂರಿನ ಹೇರೋಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಅರ್ಕಾವತಿ, ಕುಮುದ್ವತಿಗಳು ಕೂಡುವಲ್ಲಿ 1933ರಲ್ಲಿ ಕಟ್ಟಿ ಮುಗಿದ ಈ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅದೇ ಹೇರೋಹಳ್ಳಿಯಿಂದ ಉತ್ತರಕ್ಕೆ ಹೊರಳಿದರೆ ಪೀಣ್ಯ, ಅಲ್ಲಿನ ಕ್ರೋಮ್ ಮತ್ತು ನಿಕಲ್ ಪ್ಲೇಟಿಂಗ್ ಘಟಕಗಳು. ಜಲಾಶಯದ ಕದಡಿದ ನೀರಿಗೆ ಪಟಿಕ ಹಾಕಿದಾಗ ಅರಳೆಯಂತೆ ಗಂಟುಗಟ್ಟಿ ಕೊಳೆಯನ್ನು ತಳಕ್ಕೆ ಎಳೆದೊಯ್ಯುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಪ್ಲೇಟಿಂಗ್ ಕೊಳೆನೀರಿಗೆ ಸುಣ್ಣ ಬೆರೆಸಿದಾಗ ಹಸಿರಾಗಿ ತಳದಲ್ಲಿ ಕೂರುವುದು ಕ್ರೋಮಿಯಂ ಹೈಡ್ರಾಕ್ಸೈಡ್. ಎರಡೂ ಕಡೆ ನಗರ ನೆಚ್ಚಿಕೊಂಡಿರುವುದು ಒಂದೇ ಗುಣವನ್ನು: ಇವು ನೀರಿನಲ್ಲಿ ಕರಗಲೊಲ್ಲವು.

ಏಕೆ ಎಂದು ಕೇಳಿದರೆ ತರಗತಿಯಲ್ಲಿ ಸಿಗುವ ಉತ್ತರ ಚಿಕ್ಕದು. ಹರಳನ್ನು ಬಿಗಿದಿಟ್ಟ ಜಾಲಕ ಶಕ್ತಿ, ನೀರು ಅಯಾನುಗಳನ್ನು ಸುತ್ತುವರಿದಾಗ ಬಿಡುಗಡೆಯಾಗುವ ಜಲಯೋಜನ ಶಕ್ತಿಗಿಂತ ಹೆಚ್ಚು, ಅಷ್ಟೆ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ಈ ಲೇಖನದ ವಾದ. ಅದನ್ನು ತೋರಿಸಲು ಗೋಡೆಗೆ ಬಳಿಯುವ ಸುಣ್ಣವೇ ಸಾಕು.

ಪ್ರಶ್ನೆಯ ಮೊದಲ ಎಳೆ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಅವರಲ್ಲಿದೆ. ಮೂತ್ರಕೋಶದ ಕಲ್ಲಿಗೆ ಆಗ ಸುಣ್ಣದ ತಿಳಿನೀರನ್ನು ಔಷಧವಾಗಿ ಕೊಡುತ್ತಿದ್ದರು. ಅದಕ್ಕಿಂತ ಸೌಮ್ಯವಾದದ್ದು ಸಿಕ್ಕೀತೆಂದು ಬ್ಲ್ಯಾಕ್ ಮೆಗ್ನೀಷಿಯಾವನ್ನು ಸುಟ್ಟು ನೋಡಿದರು. ಸುಟ್ಟ ಸುಣ್ಣದಂತೆ ಅದು ತಿಳಿನೀರು ಕೊಡಲಿಲ್ಲ. 1756ರಲ್ಲಿ ಪ್ರಕಟವಾದ ಈ ಪ್ರಯೋಗಗಳು ಇಂಗಾಲದ ಡೈಆಕ್ಸೈಡಿನ ಶೋಧಕ್ಕಾಗಿ ಹೆಸರಾದವು; ಕರಗದ ಮೆಗ್ನೀಷಿಯಾ ಅಡಿಟಿಪ್ಪಣಿಯಾಗಿ ಉಳಿಯಿತು. ಆದರೂ ಆ ಕಾಲದ ತಿಳಿವಳಿಕೆ ಹೆಸರಿನಲ್ಲಿ ಇಂದಿಗೂ ಇದೆ: ಕ್ಷಾರೀಯ ಮೃತ್ತಿಕಾ ಲೋಹಗಳು. ಮೃತ್ತಿಕೆ ಎಂದರೆ ಮಣ್ಣು. ಬೆಂಕಿಗೂ ಬಗ್ಗದ, ನೀರಿಗೂ ಸುಲಭಕ್ಕೆ ಕರಗದ ವಸ್ತು.

1889ರಲ್ಲಿ ವಾಲ್ಥರ್ ನೆರ್ನ್ಸ್ಟ್ ಇದಕ್ಕೊಂದು ಲೆಕ್ಕ ಕೊಟ್ಟರು. ಇನ್ನು ಕರಗಿಸಿಕೊಳ್ಳಲಾರದಷ್ಟು ಕರಗಿಸಿಕೊಂಡ ದ್ರಾವಣದಲ್ಲಿ ಅಯಾನುಗಳ ಸಾರತೆಯ ಗುಣಲಬ್ಧ, ನಿಗದಿತ ಉಷ್ಣತೆಯಲ್ಲಿ, ಸ್ಥಿರ. ಪಿಯುಸಿ ಪ್ರಯೋಗಾಲಯದ ಸಾಲ್ಟ್ ಅನಾಲಿಸಿಸ್ ಇದರ ಮೇಲೆಯೇ ನಿಂತಿದೆ. ಮೂರನೇ ಗ್ರೂಪಿನಲ್ಲಿ ಅಮೋನಿಯಂ ಕ್ಲೋರೈಡ್ ಮೊದಲು ಹಾಕಿಸುವುದು ಹೈಡ್ರಾಕ್ಸೈಡ್ ಅಯಾನುಗಳನ್ನು ತಗ್ಗಿಸಲು. ಆಗ ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ ಮಾತ್ರ ಕೆಳಗಿಳಿದು ಮೆಗ್ನೀಷಿಯಂ ದ್ರಾವಣದಲ್ಲೇ ಉಳಿಯುತ್ತದೆ. ಆದರೆ ನೆರ್ನ್ಸ್ಟ್ ಹೇಳಿದ್ದು ಎಷ್ಟು ಎಂಬುದನ್ನು. ಏಕೆ ಎಂಬುದು ಹಾಗೇ ಉಳಿಯಿತು.

1918ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಆಲ್ಫ್ರೆಡ್ ಲಾಂಡೆ ಜಾಲಕ ಶಕ್ತಿಯನ್ನು ಲೆಕ್ಕಕ್ಕೆ ತಂದ ಮೇಲೆ ಏಕೆ ಎಂಬುದು ತೆರೆಯತೊಡಗಿತು. ಹೈಡ್ರಾಕ್ಸೈಡ್ ಅಯಾನು ಚಿಕ್ಕದು. ಆದ್ದರಿಂದ ಜೊತೆಗಿರುವ ಲೋಹದ ಅಯಾನು ದೊಡ್ಡದಾದಂತೆ ಹರಳಿನ ಬಿಗಿ ಬೇಗ ಸಡಿಲುತ್ತದೆ. 20 ಡಿಗ್ರಿಯಲ್ಲಿ ಲೀಟರ್ ನೀರು ಮೆಗ್ನೀಷಿಯಂ ಹೈಡ್ರಾಕ್ಸೈಡನ್ನು ಸುಮಾರು 0.01 ಗ್ರಾಂ, ಕ್ಯಾಲ್ಸಿಯಂನದನ್ನು 1.7 ಗ್ರಾಂ, ಬೇರಿಯಂನದನ್ನು ಸುಮಾರು 40 ಗ್ರಾಂ ಹಿಡಿಯುತ್ತದೆ. ಸಲ್ಫೇಟುಗಳಲ್ಲಿ ಈ ಸಾಲು ತಲೆಕೆಳಗು: ಸಲ್ಫೇಟ್ ಅಯಾನೇ ದೊಡ್ಡದಾದ್ದರಿಂದ ಲೋಹ ಬದಲಾದರೂ ಜಾಲಕ ಹೆಚ್ಚು ಸಡಿಲುವುದಿಲ್ಲ, ನೀರಿನ ಸೆಳೆತ ಮಾತ್ರ ಕುಗ್ಗುತ್ತದೆ. ಕಬ್ಬಿಣ, ಕ್ರೋಮಿಯಂಗಳಂಥ ಮೂರು ಧನಾವೇಶದ ಅಯಾನುಗಳದು ಇನ್ನೊಂದು ಕತೆ. 1923ರಲ್ಲಿ ಕಸಿಮಿರ್ ಫಜಾನ್ಸ್ ತೋರಿಸಿದಂತೆ ಅವು ಪಕ್ಕದ ಅಯಾನಿನ ಎಲೆಕ್ಟ್ರಾನ್ ಮೋಡವನ್ನೇ ತಮ್ಮ ಕಡೆ ಎಳೆದುಕೊಂಡು ಬಂಧವನ್ನು ಸಹವೇಲೆನ್ಸಿಯ ಕಡೆಗೆ ವಾಲಿಸುತ್ತವೆ; ಅಂಥ ಬಂಧವನ್ನು ನೀರು ಸುಲಭಕ್ಕೆ ಬಿಡಿಸಲಾರದು.

ಇಷ್ಟಾದರೂ ಸುಣ್ಣ ಈ ಚೌಕಟ್ಟಿನಲ್ಲಿ ಕೂರುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಸುರಿದಾಗ ಕುದಿಯುವ ಬಿಸಿಯ ಮಾತಲ್ಲ ಇದು. ಅದು ಆಕ್ಸೈಡು ಹೈಡ್ರಾಕ್ಸೈಡಾಗುವ ಬಿಸಿ. ಅರಳಿ ತಣಿದ ಸುಣ್ಣ ನೀರಿನಲ್ಲಿ ಕರಗುವಾಗಲೂ ಮೋಲ್‌ಗೆ ಸುಮಾರು 17 ಕಿಲೋಜೂಲ್ ಶಾಖ ಹೊರಬರುತ್ತದೆ. ಅಂದರೆ ಶಕ್ತಿಯ ಲೆಕ್ಕದಲ್ಲಿ ಗೆದ್ದದ್ದು ಜಲಯೋಜನವೇ; ಆದರೂ ಸುಣ್ಣ ಕರಗುವುದು ಅತ್ಯಲ್ಪ. ನೀರು ಕಾಯಿಸಿದರೆ ಇನ್ನೂ ಕಡಿಮೆ, ಕುದಿಯುವ ಹೊತ್ತಿಗೆ ಲೀಟರಿಗೆ ಸುಮಾರು 0.7 ಗ್ರಾಂ. ಜಾನ್ ಡಾಲ್ಟನ್ ಇದನ್ನು 19ನೇ ಶತಮಾನದ ಆರಂಭದಲ್ಲೇ ಅಳೆದಿದ್ದರು. ಶಾಖ ಹೊರಬಂದರೂ ಸುಣ್ಣ ಇಷ್ಟು ಕಡಿಮೆ ಕರಗಲು ಕಾರಣ ಎಂಟ್ರೊಪಿ, ಅಂದರೆ ಅಣುಗಳ ಅಸ್ತವ್ಯಸ್ತತೆಯ ಅಳತೆ. ಚಿಕ್ಕದಾದ, ಹೆಚ್ಚು ಆವೇಶ ಹೊತ್ತ ಅಯಾನು ಸುತ್ತಲಿನ ನೀರಿನ ಅಣುಗಳ ಓಡಾಟವನ್ನು ಕಟ್ಟಿಹಾಕಿ ಸಾಲಾಗಿ ನಿಲ್ಲಿಸುತ್ತದೆ. 25 ಡಿಗ್ರಿಯಲ್ಲಿ ಆ ಶಿಸ್ತಿಗೆ ತೆರುವ ಬೆಲೆ ಸುಮಾರು 47 ಕಿಲೋಜೂಲ್. ಗಳಿಸಿದ 17 ಅದಕ್ಕೆ ಸಾಲದು. ಮೆಗ್ನೀಷಿಯಂನಲ್ಲಿ ಗಳಿಕೆ ಹೆಚ್ಚುಕಡಿಮೆ ಸೊನ್ನೆ, ಬೆಲೆ ಇನ್ನೂ ದುಬಾರಿ. ಬ್ಲ್ಯಾಕ್ ಅವರಿಗೆ ತಿಳಿನೀರು ಸಿಗದಿದ್ದುದು ಇದಕ್ಕೇ. ಈ ಅರ್ಧವನ್ನು ಬಿಟ್ಟು ಪಾಠ ಮಾಡುವುದು ಮಕ್ಕಳಿಗೆ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಪೀಣ್ಯದಂಥ ಕಡೆ ಕರಗುವ, ಕೂರುವ ಈ ಸಮತೋಲವನ್ನು ಕಾಯುವುದು ದಿನನಿತ್ಯದ ಕೆಲಸ. ಪ್ಲೇಟಿಂಗ್‌ನಿಂದ ಬರುವ ಹೆಕ್ಸಾವೇಲೆಂಟ್ (ಆರು ವೇಲೆನ್ಸಿಯ) ಕ್ರೋಮಿಯಂ ನೇರವಾಗಿ ಸುಣ್ಣಕ್ಕೆ ಬಗ್ಗದು. ಅದನ್ನು ಮೊದಲು ಆಮ್ಲದಲ್ಲಿ ಬೈಸಲ್ಫೈಟ್ ಹಾಕಿ ಮೂರು ಆವೇಶದ ಕ್ರೋಮಿಯಂ ಮಾಡಬೇಕು. ಆಮೇಲೆ ಸುಣ್ಣ. ಪಿಎಚ್ 8ರ ಆಸುಪಾಸಿನಲ್ಲಿ ಅದು ಚೆನ್ನಾಗಿ ಕೂರುತ್ತದೆ. ನಿಕಲ್ ಕೂರಲು 10 ಬೇಕು. ಅಷ್ಟು ಎತ್ತರದಲ್ಲಿ ಕ್ರೋಮಿಯಂ ಮತ್ತೆ ಮೆಲ್ಲಗೆ ಕರಗತೊಡಗುತ್ತದೆ. ಹೊರಬಿಡುವ ನೀರಿನಲ್ಲಿ ಲೀಟರಿಗೆ ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ, ನಿಕಲ್ 3 ಮಿಲಿಗ್ರಾಂ ಮೀರಬಾರದು. ಎರಡನ್ನೂ ಒಂದೇ ತೊಟ್ಟಿಗೆ ಹರಿಸಿದರೆ ಒಂದಕ್ಕೆ ಒಗ್ಗಿದ ಪಿಎಚ್ ಇನ್ನೊಂದಕ್ಕೆ ಒಗ್ಗದು. ತಳದ ಹಸಿರು ಸ್ಲಡ್ಜ್ ಕೂಡ ಹುಳಿನೀರು ತಾಗಿದರೆ ಮತ್ತೆ ಅಯಾನಾಗಿ ಹರಿಯುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಎಣಿಸಿ ನೀರಿಳಿಯದ ಗುಂಡಿಗಳಲ್ಲಿ ಮುಚ್ಚಿಡುವುದು ಈ ಕಾರಣಕ್ಕೆ.